ಒಂದೇ ಬಾರ್, ಎರಡು ಲೆಕ್ಕ: ಬಿರುಸಿನ ಗುಂಪು ವ್ಯಾಯಾಮದ ಬಗ್ಗೆ ವೇಟ್‌ಲಿಫ್ಟರ್‌ಗಳಲ್ಲಿ ಭಿನ್ನಮತ ಏಕೆ?

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಹಾಗೂ ಸುತ್ತಲಿನ ಊರುಗಳ ನಮ್ಮ ಸದಸ್ಯರ ಮನೆಗಳಲ್ಲಿ ಜಿಮ್‌ಗೆ ಹೋಗುವ ಹುಡುಗ ಹುಡುಗಿಯರು ಈಗ ಸಾಕಷ್ಟಿದ್ದಾರೆ. ಜಿಮ್‌ಗಳಲ್ಲಿ ಇತ್ತೀಚೆಗೆ ಹೆಚ್ಚು ಕೇಳಿಬರುವುದು ಗುಂಪು ತರಗತಿಯ ಮಾತು. ಹತ್ತು ಹದಿನೈದು ಜನ ಒಟ್ಟಿಗೆ ನಿಂತು, ಗೋಡೆಯ ಗಡಿಯಾರ ನೋಡುತ್ತ, ಓಟ, ಜಿಗಿತ, ದಂಡ, ಭಾರ ಎತ್ತುವುದು ಎಲ್ಲವನ್ನೂ ಬಿಡುವಿಲ್ಲದೆ ಮಾಡುತ್ತಾರೆ. ಇದರಿಂದ ಮೈ ಹಗುರಾಯಿತು, ಹುರುಪು ಬಂತು ಎನ್ನುವವರಿದ್ದಾರೆ. ವೇಟ್‌ಲಿಫ್ಟಿಂಗ್ ಕಲಿತವರಲ್ಲಿ ಇದನ್ನು ಕಂಡರೆ ಮುಖ ತಿರುಗಿಸುವವರೂ ಇದ್ದಾರೆ. ಈ ಭಿನ್ನಾಭಿಪ್ರಾಯಕ್ಕೆ ಕಾರಣವೇನು, ಮಕ್ಕಳನ್ನು ಸೇರಿಸುವ ಮುನ್ನ ಏನು ಕೇಳಬೇಕು ಎಂಬುದನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಒಂದೆಡೆ ಕೊಟ್ಟಿದ್ದೇವೆ.

ನಮ್ಮ ಸೀಮೆಯ ನಂಟು

ಕೊಲ್ಹಾಪುರ ಎಂದರೆ ಕುಸ್ತಿ. ರಾಜರ್ಷಿ ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ, ಗಂಗಾವೇಸ, ಮೋತಿಬಾಗ, ಶಾಹೂಪುರಿ ತಾಲೀಮುಗಳು ನಮಗೆಲ್ಲ ಗೊತ್ತಿರುವವೇ. ಗಡಹಿಂಗ್ಲಜದವರಿಗೆ ಫುಟ್‌ಬಾಲ್ ಹುಚ್ಚು. ಆದರೆ ನಮ್ಮ ಜಿಲ್ಲೆ ವೇಟ್‌ಲಿಫ್ಟಿಂಗ್‌ನಲ್ಲಿಯೂ ಹಿಂದೆ ಬಿದ್ದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ನರಸೋಬಾವಾಡಿಯ ಬಗಲಿಗೇ ಇರುವ ಕುರುಂದವಾಡ ಎಂಬ ಸಣ್ಣ ಊರಿನ ಗಣೇಶ ಮಾಳಿ, ಓಂಕಾರ ಓತಾರಿ, ಚಂದ್ರಕಾಂತ ಮಾಳಿ ಮೂವರೂ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ನೆರೆಯ ಸಾಂಗಲಿಯ ಸಂಕೇತ ಸರ್ಗರ್ 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳ್ಳಿ ಗೆದ್ದರು.

ಅತ್ತ ಕರ್ನಾಟಕದ ಕಡೆಗೆ ನೋಡಿದರೆ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಇದ್ದಾರೆ. ಲಾರಿ ಚಾಲಕರ ಮಗನಾದ ಅವರು ಮೊದಲು ಕುಸ್ತಿಯ ಆಸೆ ಇಟ್ಟುಕೊಂಡಿದ್ದು, ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್‌ಗೆ ತಿರುಗಿದವರು. 2018ರ ಗೋಲ್ಡ್‌ಕೋಸ್ಟ್ ಕೂಟದಲ್ಲಿ 56 ಕಿಲೋ ವಿಭಾಗದ ಬೆಳ್ಳಿ, 2022ರಲ್ಲಿ 61 ಕಿಲೋ ವಿಭಾಗದ ಕಂಚು ಅವರ ಪಾಲಿಗೆ ಬಂದವು. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡುಕಲ್ಲು, ಜೋಳದ ಚೀಲ ಎತ್ತುವ ಪಂದ್ಯಗಳಂತೂ ಹಿಂದಿನಿಂದ ನಡೆದು ಬಂದಿವೆ. ಆದ್ದರಿಂದ ಈ ಚರ್ಚೆ ನಮಗೆ ದೂರದ್ದಲ್ಲ.

ವೇಟ್‌ಲಿಫ್ಟಿಂಗ್‌ನ ಲೆಕ್ಕ

ಒಲಿಂಪಿಕ್ ವೇಟ್‌ಲಿಫ್ಟಿಂಗ್‌ನಲ್ಲಿ ಇರುವುದು ಎರಡೇ ಬಗೆಯ ಎತ್ತುವಿಕೆ. ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಹಿಡಿಯುವುದು ಸ್ನ್ಯಾಚ್. ಮೊದಲು ಭುಜಕ್ಕೆ ತಂದು, ಅಲ್ಲಿಂದ ತಲೆಯ ಮೇಲಕ್ಕೆ ಒಯ್ಯುವುದು ಕ್ಲೀನ್ ಅಂಡ್ ಜರ್ಕ್. ಪ್ರೆಸ್ ಎಂಬ ಮೂರನೆಯ ಬಗೆಯನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್ ನಂತರ ಕೈಬಿಡಲಾಯಿತು. ಗಂಡಸರ ಬಾರ್ 20 ಕಿಲೋ, ಹೆಂಗಸರದು 15 ಕಿಲೋ. ಪ್ರತಿ ಬಗೆಗೆ ಮೂರು ಅವಕಾಶ. ಎರಡರಲ್ಲಿಯೂ ಎತ್ತಿದ ಅತಿ ಹೆಚ್ಚಿನ ಭಾರಗಳನ್ನು ಕೂಡಿಸಿ ಒಟ್ಟು ಮೊತ್ತ ತೆಗೆಯುತ್ತಾರೆ.

ಅಂದರೆ ಇಡೀ ಪಂದ್ಯದಲ್ಲಿ ಎತ್ತುವುದು ಆರು ಸಲ ಮಾತ್ರ. ಸಂಕೇತ ಸರ್ಗರ್ ಅವರ ಮೊತ್ತ 248 ಕಿಲೋ, ಚಿನ್ನ ಗೆದ್ದ ಮಲೇಷ್ಯಾದವರದು 249. ಕ್ಲೀನ್ ಅಂಡ್ ಜರ್ಕ್‌ನ ಎರಡನೇ ಯತ್ನದಲ್ಲಿ ಮೊಣಕೈಗೆ ಪೆಟ್ಟಾಗಿ ಒಂದು ಕಿಲೋದಲ್ಲಿ ಚಿನ್ನ ಹೋಯಿತು. ಗುರುರಾಜ ಅವರು 2018ರಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೊದಲ ಎರಡು ಯತ್ನ ಕಳೆದುಕೊಂಡು, ಕೊನೆಯದರಲ್ಲಿ 138 ಕಿಲೋ ಎತ್ತಿ 249ರ ಮೊತ್ತದೊಂದಿಗೆ ಬೆಳ್ಳಿ ಉಳಿಸಿಕೊಂಡರು.

ಇಂಥ ಒಂದು ಎತ್ತಿಗಾಗಿ ವೇಟ್‌ಲಿಫ್ಟರ್ ವರ್ಷಗಟ್ಟಲೆ ತಯಾರಾಗುತ್ತಾನೆ. ಅಭ್ಯಾಸದಲ್ಲಿಯೂ ಒಮ್ಮೆಗೆ ಒಂದು, ಎರಡು, ಹೆಚ್ಚೆಂದರೆ ಮೂರು ಸಲ ಎತ್ತಿ, ಕೆಲವು ನಿಮಿಷ ಕುಳಿತು, ಮತ್ತೆ ಏಳುತ್ತಾನೆ. ನೋಡಿದವರಿಗೆ ಇದು ಸೋಮಾರಿತನ ಎನಿಸಬಹುದು. ಕಾರಣ ಬೇರೆ ಇದೆ. ಒಂದೇ ಸಲಕ್ಕೆ ಸಿಡಿಯುವ ಶಕ್ತಿಗೆ ಸ್ನಾಯುಗಳಲ್ಲಿರುವ ಇಂಧನ ಕೆಲವೇ ಸೆಕೆಂಡಿನಲ್ಲಿ ತೀರುತ್ತದೆ, ಮರಳಿ ತುಂಬಲು ನಿಮಿಷಗಳು ಬೇಕು. ದಣಿದ ಮೈ ತಪ್ಪು ದಾರಿಯಲ್ಲಿ ಎತ್ತುತ್ತದೆ. ಆ ತಪ್ಪನ್ನೇ ನೂರು ಸಲ ಮಾಡಿದರೆ ಅದೇ ರೂಢಿಯಾಗುತ್ತದೆ.

ಗುಂಪು ತರಗತಿಯ ಲೆಕ್ಕ

ಈ ಬಗೆಯ ತರಗತಿಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಗ್ಲಾಸ್‌ಮನ್ ಎಂಬವರು ಆರಂಭಿಸಿದ ಕ್ರಾಸ್‌ಫಿಟ್. 2000ರಲ್ಲಿ ಕಂಪನಿಯಾಯಿತು, 2007ರಿಂದ ಅದರದೇ ಸ್ಪರ್ಧೆಗಳು ನಡೆಯುತ್ತಿವೆ. ಆ ಹೆಸರು ಹಾಕಿಕೊಳ್ಳಲು ಪರವಾನಗಿ ಬೇಕು. ಅದಕ್ಕೇ ಬೇರೆ ಜಿಮ್‌ಗಳು ಅದೇ ತರಹದ ವ್ಯಾಯಾಮವನ್ನು ಫಂಕ್ಷನಲ್ ಟ್ರೇನಿಂಗ್, ಬೂಟ್‌ಕ್ಯಾಂಪ್, ಹಿಟ್ ಎಂದೆಲ್ಲ ಕರೆಯುತ್ತವೆ.

ಇಲ್ಲಿ ಅಳೆಯುವುದು ಸಮಯವನ್ನು. ಗೊತ್ತಾದ ಕೆಲಸವನ್ನು ಎಷ್ಟು ಬೇಗ ಮುಗಿಸಿದಿರಿ, ಇಲ್ಲವೆ ಗೊತ್ತಾದ ಸಮಯದಲ್ಲಿ ಎಷ್ಟು ಸುತ್ತು ಮಾಡಿದಿರಿ ಎಂಬುದೇ ಅಂಕ. ಕ್ರಾಸ್‌ಫಿಟ್‌ನಲ್ಲಿ ‘ಗ್ರೇಸ್’ ಎಂಬ ಹೆಸರಿನ ಒಂದು ಪಾಠವಿದೆ. ಗಂಡಸರಿಗೆ 135 ಪೌಂಡ್, ಅಂದರೆ ಸುಮಾರು 61 ಕಿಲೋ ಭಾರವನ್ನು 30 ಸಲ ಕ್ಲೀನ್ ಅಂಡ್ ಜರ್ಕ್ ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ‘ಇಸಾಬೆಲ್’ ಎಂಬುದರಲ್ಲಿ ಅಷ್ಟೇ ಭಾರವನ್ನು 30 ಸಲ ಸ್ನ್ಯಾಚ್ ಮಾಡಬೇಕು. ನುರಿತವರು ಇದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ.

ಜಗಳದ ಮೂಲ ಇಲ್ಲಿಯೇ ಇದೆ. ಬಾರ್ ಅದೇ, ಎತ್ತಿನ ಹೆಸರೂ ಅದೇ. ಆದರೆ ಒಬ್ಬರು ಕಿಲೋ ಎಣಿಸುತ್ತಾರೆ, ಇನ್ನೊಬ್ಬರು ಸೆಕೆಂಡು ಎಣಿಸುತ್ತಾರೆ. ಒಬ್ಬರಿಗೆ ಎತ್ತುವುದು ವಿದ್ಯೆ, ಇನ್ನೊಬ್ಬರಿಗೆ ಅದು ಮೈ ದಣಿಸುವ ಕೆಲಸ. ಜಮಾ, ಖರ್ಚು ಎರಡನ್ನೂ ಒಂದೇ ಕಾಲಮಿನಲ್ಲಿ ಬರೆದರೆ ಮೊತ್ತ ಹೇಗೆ ತಾಳೆಯಾದೀತು?

ವಿರೋಧಿಸುವವರ ವಾದ

ಮೊದಲನೆಯದು ಈಗ ಹೇಳಿದ ದಣಿವಿನ ಮಾತು. ಸ್ನ್ಯಾಚ್‌ನಂಥ ಸೂಕ್ಷ್ಮ ಎತ್ತನ್ನು ಏದುಸಿರು ಬಿಡುತ್ತ ಮಾಡಿದರೆ ಬೆನ್ನು, ಭುಜ, ಮಣಿಕಟ್ಟುಗಳಿಗೆ ಅಪಾಯ.

ಎರಡನೆಯದು ಕಲಿಸುವವರ ವಿಷಯ. ಕ್ರಾಸ್‌ಫಿಟ್‌ನ ಮೊದಲ ಹಂತದ ಪ್ರಮಾಣಪತ್ರ ಎರಡು ದಿನದ ಶಿಬಿರದಲ್ಲಿ ಸಿಗುತ್ತದೆ. ನಮ್ಮ ದೇಶದಲ್ಲಿ ವೇಟ್‌ಲಿಫ್ಟಿಂಗ್ ಕೋಚ್ ಆಗಬೇಕೆನ್ನುವವರು ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾಕ್ಕೆ ತಿಂಗಳುಗಟ್ಟಲೆ ದುಡಿಯುತ್ತಾರೆ. ಒಬ್ಬ ತರಬೇತುದಾರ ಹದಿನೈದು ಜನರ ಮೇಲೆ ಏಕಕಾಲಕ್ಕೆ ಕಣ್ಣಿಡುವುದೂ ಕಷ್ಟವೇ.

ಮೂರನೆಯದು ಗಂಭೀರವಾದದ್ದು. ರೂಢಿಯಿಲ್ಲದ ಮೈಯನ್ನು ಮಿತಿಮೀರಿ ದುಡಿಸಿದರೆ ಸ್ನಾಯುಗಳು ಒಡೆದು, ಅವುಗಳೊಳಗಿನ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಇದಕ್ಕೆ ರ್‍ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಕ್ರಾಸ್‌ಫಿಟ್‌ನ ಆರಂಭದ ವರ್ಷಗಳಲ್ಲಿ ‘ಅಂಕಲ್ ರ್‍ಯಾಬ್ಡೊ’ ಎಂಬ ಬಫೂನಿನ ಚಿತ್ರ ಅವರಲ್ಲಿ ಪ್ರಚಾರದಲ್ಲಿತ್ತು. ಎಚ್ಚರಿಕೆಗೆಂದು ಬರೆದದ್ದು ಎಂದು ಅವರು ಹೇಳಿದರೂ, ಅಪಾಯವನ್ನು ತಮಾಷೆ ಮಾಡಿದರು ಎಂದು ಟೀಕಾಕಾರರು ಇಂದಿಗೂ ಎತ್ತಿ ಆಡುತ್ತಾರೆ.

ಪರವಾಗಿ ಹೇಳುವವರ ವಾದ

ಬೆಂಬಲಿಸುವ ವೇಟ್‌ಲಿಫ್ಟರ್‌ಗಳೂ ಕಡಿಮೆ ಇಲ್ಲ. ಅಮೆರಿಕದಲ್ಲಿ ಸ್ನ್ಯಾಚ್ ಎಂದರೇನು ಎಂದು ಗೊತ್ತಿಲ್ಲದಿದ್ದ ಸಾವಿರಾರು ಜನ ಗುಂಪು ತರಗತಿಯ ಮೂಲಕವೇ ಬಾರ್ ಮುಟ್ಟಿದರು. ಅವರಲ್ಲಿ ಹಲವರು ಮುಂದೆ ವೇಟ್‌ಲಿಫ್ಟಿಂಗ್ ಸಂಸ್ಥೆಗಳ ಸದಸ್ಯರಾದರು, ಸ್ಪರ್ಧಿಗಳಾದರು. ಅದರಲ್ಲಿಯೂ ಹೆಂಗಸರು ಭಾರ ಎತ್ತುವುದಕ್ಕೆ ಇದ್ದ ಸಂಕೋಚ ಬಹಳ ಮಟ್ಟಿಗೆ ಹೋಯಿತು.

ಆಸ್ಟ್ರೇಲಿಯಾದ ಟಿಯಾ ಕ್ಲೇರ್ ಟೂಮಿ ಇದಕ್ಕೆ ದೊಡ್ಡ ಉದಾಹರಣೆ. ಕ್ರಾಸ್‌ಫಿಟ್ ಸ್ಪರ್ಧಿಯಾಗಿದ್ದುಕೊಂಡೇ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ವೇಟ್‌ಲಿಫ್ಟರ್ ಆಗಿ ಕಣಕ್ಕಿಳಿದರು. ನಮ್ಮ ಗುರುರಾಜ ಅವರು ಬೆಳ್ಳಿ ಗೆದ್ದ ಅದೇ ಗೋಲ್ಡ್‌ಕೋಸ್ಟ್ ಕೂಟದಲ್ಲಿ ಹೆಂಗಸರ 58 ಕಿಲೋ ವಿಭಾಗದ ಚಿನ್ನ ಅವರದಾಯಿತು. ಮೊತ್ತ 201 ಕಿಲೋ. ಆದರೆ ಅಲ್ಲಿ ಅವರು ಸೆಕೆಂಡು ಎಣಿಸಲಿಲ್ಲ. ಎಲ್ಲರಂತೆ ಆರು ಅವಕಾಶಗಳಲ್ಲಿ, ನಡುವೆ ವಿಶ್ರಾಂತಿ ಪಡೆದು, ವೇಟ್‌ಲಿಫ್ಟಿಂಗ್‌ನ ಕ್ರಮದಲ್ಲಿಯೇ ಎತ್ತಿದರು. ಎರಡೂ ಲೆಕ್ಕ ಬಲ್ಲವರು ಅವನ್ನು ಬೇರೆ ಬೇರೆಯಾಗಿಯೇ ಇಡುತ್ತಾರೆ.

ಒಂಟಿಯಾಗಿ ವ್ಯಾಯಾಮ ಮಾಡುವವರು ತಿಂಗಳೊಳಗೆ ಬಿಡುವುದೇ ಹೆಚ್ಚು, ಗುಂಪಿನಲ್ಲಿ ಪರಸ್ಪರ ಹುರಿದುಂಬಿಸುವುದರಿಂದ ಮುಂದುವರಿಯುತ್ತಾರೆ ಎಂಬುದು ಇನ್ನೊಂದು ವಾದ. ನಮಗೂ ಇದು ಒಪ್ಪತಕ್ಕ ಮಾತು.

ಗಾಯದ ಅಂಕಿಗಳು

ಯಾವುದು ಹೆಚ್ಚು ಅಪಾಯಕಾರಿ ಎಂಬ ಬಗ್ಗೆ ಅಂಕಿಸಂಖ್ಯೆಗಳೂ ಜಗಳಕ್ಕೆ ಬಿದ್ದಿವೆ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಕ್ರಾಸ್‌ಫಿಟ್‌ನಲ್ಲಿ 1000 ತಾಸಿನ ಅಭ್ಯಾಸಕ್ಕೆ ಸುಮಾರು 3 ಗಾಯ ಎಂದು ತೋರಿಸಿತು. ಇದು ವೇಟ್‌ಲಿಫ್ಟಿಂಗ್‌ಗೆ ಹತ್ತಿರದ ಪ್ರಮಾಣ, ರಗ್ಬಿಯಂಥ ಆಟಗಳಿಗಿಂತ ಕಡಿಮೆ. ಅದೇ ವರ್ಷ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರ ಪ್ರಬಂಧವೊಂದು, ನಡುವೆ ಬಿಟ್ಟುಹೋದ ಹಲವರಿಗೆ ಗಾಯವೇ ಕಾರಣ ಎಂಬರ್ಥದಲ್ಲಿ ಬರೆಯಿತು. ಕ್ರಾಸ್‌ಫಿಟ್ ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ಆ ಅಂಕಿ ನಿಲ್ಲಲಿಲ್ಲ. ಪತ್ರಿಕೆ ಮೊದಲು ತಿದ್ದುಪಡಿ ಹಾಕಿ, 2017ರಲ್ಲಿ ಪ್ರಬಂಧವನ್ನೇ ಹಿಂಪಡೆಯಿತು.

ಆದ್ದರಿಂದ ‘ಅದು ಮಾಡಿದರೆ ಬೆನ್ನು ಮುರಿಯುತ್ತದೆ’ ಎಂದು ಹೆದರಿಸುವುದೂ ಸರಿಯಲ್ಲ, ‘ಏನೂ ಆಗುವುದಿಲ್ಲ’ ಎನ್ನುವುದೂ ಸರಿಯಲ್ಲ. ಕಲಿಸುವವರು ಯಾರು, ಭಾರ ಎಷ್ಟು, ಎತ್ತುವವನು ಎಷ್ಟು ದಣಿದಿದ್ದಾನೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಗರಡಿಯ ರೂಢಿ

ಬಿರುಸಿನ ಗುಂಪು ವ್ಯಾಯಾಮ ನಮ್ಮವರಿಗೆ ಹೊಸದೇನಲ್ಲ. ಗರಡಿ ಮನೆಯಲ್ಲಿ, ತಾಲೀಮಿನಲ್ಲಿ ನಸುಕಿನಲ್ಲೆದ್ದು ಸಾಲಾಗಿ ನಿಂತು ನೂರಾರು ದಂಡ, ಬೈಠಕ ಹೊಡೆಯುವುದು ಅದೇ ತಾನೆ? ಆದರೆ ಅಲ್ಲಿ ಎಣಿಕೆಗೆ ಇಟ್ಟದ್ದು ಸ್ವಂತ ಮೈಭಾರದ ಸಾಮು. ಪಟ್ಟು ಕಲಿಸುವಾಗ ವಸ್ತಾದರು ಒಬ್ಬೊಬ್ಬರನ್ನೇ ಹಿಡಿದು, ನಿಲ್ಲಿಸಿ, ತಿದ್ದಿ ಕಲಿಸುತ್ತಾರೆ. ಪಟ್ಟನ್ನು ಗಡಿಯಾರ ನೋಡಿ ಕಲಿಸಿದ ವಸ್ತಾದರು ಯಾರೂ ಇಲ್ಲ. ದಣಿಸುವುದು ಬೇರೆ, ಕಲಿಸುವುದು ಬೇರೆ ಎಂಬ ಈ ತಿಳಿವಳಿಕೆಯನ್ನು ಹೊಸ ಜಿಮ್‌ಗಳೂ ಉಳಿಸಿಕೊಂಡರೆ ಜಗಳದ ಮುಕ್ಕಾಲು ಪಾಲು ಮುಗಿದಂತೆ.

ಸೇರುವ ಮುನ್ನ ಕೇಳಿ, ನೋಡಿ

1. ನಿಮ್ಮ ಮಗನಿಗೋ ಮಗಳಿಗೋ ಬೇಕಾದದ್ದು ಆರೋಗ್ಯವೋ, ವೇಟ್‌ಲಿಫ್ಟಿಂಗ್ ಸ್ಪರ್ಧೆಯೋ? ಆರೋಗ್ಯಕ್ಕಾದರೆ ಒಳ್ಳೆಯ ಗುಂಪು ತರಗತಿ ಸಾಕು. ಸ್ಪರ್ಧೆಗಾದರೆ ವೇಟ್‌ಲಿಫ್ಟಿಂಗ್ ಕೋಚ್ ಇರುವ ಕಡೆಗೇ ಹೋಗಬೇಕು.

2. ತರಬೇತುದಾರರು ಏನು ಕಲಿತಿದ್ದಾರೆ, ಎಲ್ಲಿ ಕಲಿತಿದ್ದಾರೆ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರಾದರೆ ಅದೂ ಒಂದು ಉತ್ತರವೇ.

3. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್‌ಗಳನ್ನು ಮೊದಲು ಕೋಲಿನಿಂದ, ಆಮೇಲೆ ಖಾಲಿ ಬಾರ್‌ನಿಂದ, ದಣಿಯುವ ಮುನ್ನ ಕಲಿಸುತ್ತಾರೆಯೇ ನೋಡಿ. ಗಡಿಯಾರದ ಪಾಠಕ್ಕೆ ಓಟ, ಬೈಠಕ, ಹಗ್ಗದ ಜಿಗಿತದಂಥವು ಇದ್ದರೆ ಒಳ್ಳೆಯದು.

4. ಹೊಸಬರಿಗೆ ಭಾರವನ್ನೂ ಎಣಿಕೆಯನ್ನೂ ಇಳಿಸಿ ಕೊಡುತ್ತಾರೆಯೇ? ಮೊದಲ ದಿನವೇ ಹಳಬರ ಸರಿಸಮ ಮಾಡಿಸುವ ಕಡೆ ಬೇಡ.

5. ಇಚಲಕರಂಜಿಯ ಸದಸ್ಯರಿಗೆ ಒಂದು ವಿಶೇಷ ಮಾತು. ಮಗ್ಗದ ಮುಂದೆ ಹನ್ನೆರಡು ತಾಸಿನ ರಾತ್ರಿ ಪಾಳಿ ನಿಂತು ಬಂದ ಹುಡುಗರು ನೇರವಾಗಿ ಬೆಳಗಿನ ಬ್ಯಾಚಿಗೆ ಹೋಗಬಾರದು. ನಿದ್ದೆಗೆಟ್ಟ, ನೀರು ಆರಿದ ಮೈಗೆ ಇಂಥ ವ್ಯಾಯಾಮ ಅಪಾಯ. ಮೊದಲು ಊಟ, ನಿದ್ದೆ. ಸಂಜೆಯ ಬ್ಯಾಚ್ ಇದ್ದರೆ ಅದಕ್ಕೆ ಹೋಗಲಿ.

6. ವ್ಯಾಯಾಮದ ನಂತರ ತಡೆಯಲಾಗದ ಸ್ನಾಯು ನೋವು, ಬಾವು, ನಿತ್ರಾಣ ಕಂಡರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಗುಳಿಗೆ ನುಂಗಿ ಕಾಯಬೇಡಿ.

ಕುರುಂದವಾಡದಂಥ ಊರು ಮೂರು ಪದಕ ತಂದದ್ದು ತಾಳ್ಮೆಯಿಂದ ಕಲಿಸುವವರು, ತಾಳ್ಮೆಯಿಂದ ಕಲಿಯುವವರು ಇದ್ದುದರಿಂದ. ಗುಂಪು ತರಗತಿಗಳು ಹೊಸ ಮಕ್ಕಳನ್ನು ಬಾರ್‌ನ ಹತ್ತಿರ ತರುತ್ತಿವೆ, ಸಂತೋಷ. ಅವರಲ್ಲಿ ಯಾರಿಗೆ ನಿಜವಾದ ಕೈ ಇದೆ ಎಂದು ಗುರುತಿಸಿ, ಸರಿಯಾದ ಗುರುವಿನ ಬಳಿ ಕಳಿಸುವ ಕೆಲಸ ತರಬೇತುದಾರರದು ಮತ್ತು ತಂದೆ ತಾಯಿಯರದು. ಈ ವಿಷಯದಲ್ಲಿ ಅನುಭವ ಇರುವ ಸದಸ್ಯರು, ಅದರಲ್ಲಿಯೂ ಭಾರ ಎತ್ತುವ ನಮ್ಮ ಹೆಣ್ಣುಮಕ್ಕಳು, ನಾಲ್ಕು ಸಾಲು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ