ಹಾದಿಯ ಬುತ್ತಿ, ಹಾದಿಯ ಬಾವಿ

ಮಂಗಳೂರಿಗೆ ಒಮ್ಮೆಯಾದರೂ ಬಂದವರಿಗೆ ಹಂಪನಕಟ್ಟೆಯನ್ನು ಪರಿಚಯಿಸಬೇಕಾಗಿಲ್ಲ. 1680ರಲ್ಲಿ ಸ್ಥಾಪನೆಗೊಂಡ ಮಿಲಾಗ್ರಿಸ್ ಇಗರ್ಜಿ, 1848ರಷ್ಟು ಹಿಂದೆ ಆರಂಭವಾದ ವೆನ್ಲಾಕ್ ಆಸ್ಪತ್ರೆ, 1868ರಲ್ಲಿ ಹುಟ್ಟಿ ಹಲವು ತಲೆಮಾರುಗಳಿಗೆ ವಿದ್ಯೆ ಕೊಟ್ಟ ಸರಕಾರಿ ಕಾಲೇಜು, 1907ರಲ್ಲಿ ತೆಂಕಣದಿಂದ ಬಂದ ರೈಲುದಾರಿಯ ಕೊನೆಯ ನಿಲ್ದಾಣ, ಇವೆಲ್ಲವೂ ಅಲ್ಲಿಂದ ಕೂಗಳತೆಯ ದೂರದಲ್ಲಿವೆ. ಊರಿನ ಹಳೆಯ ಬಸ್ಸು ನಿಲ್ದಾಣವೂ ಅಲ್ಲಿಯೇ ಇತ್ತು. ಆದರೆ ಈ ಎಲ್ಲದರ ನಡುವೆ ನಿಂತು 'ಕಟ್ಟೆ ಎಲ್ಲಿದೆ?' ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಅಪ್ಪಣ್ಣನೆಂಬೊಬ್ಬನು ಇಲ್ಲಿನ ಬಾವಿಯ ಬಳಿ ಕುಳಿತು ದಣಿದು ಬಂದ ದಾರಿಹೋಕರಿಗೆ ನೀರು ಕೊಡುತ್ತಿದ್ದನೆಂದೂ, ಅಪ್ಪಣ್ಣನ ಕಟ್ಟೆಯೇ ಜನರ ನಾಲಗೆಯ ಮೇಲೆ ಸವೆದು ಹಂಪನಕಟ್ಟೆಯಾಯಿತೆಂದೂ ಊರಿನ ಐತಿಹ್ಯ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ಅಮೆರಿಕದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗುವ ಹೊತ್ತಿನಲ್ಲಿ, ಇದ್ದ ಮನೆಯನ್ನು ಮಾರಿ, ಟ್ರಾವೆಲ್ ಟ್ರೈಲರ್ ಎಂಬ ಗಾಲಿಯ ಮನೆಯನ್ನು ಕೊಂಡು, ಅದನ್ನು ಕಾರಿನ ಹಿಂದೆ ಎಳೆದುಕೊಂಡು ಪತ್ನಿಯೊಡನೆ ಊರೂರು ತಿರುಗಬೇಕೆಂಬುದು ಅವನ ಸಂಕಲ್ಪ. ಹಂಪನಕಟ್ಟೆಯ ಹೊಟೇಲೊಂದರಲ್ಲಿ ಕಾಫಿ ಕುಡಿಯುತ್ತ ಜೇಬಿನಿಂದ ಒಂದು ಪಟ್ಟಿಯನ್ನು ತೆಗೆದ. ಸಿಹಿನೀರಿನ ತೊಟ್ಟಿ, ಕೊಳೆನೀರಿನ ತೊಟ್ಟಿ, ಅನಿಲದ ಸಿಲಿಂಡರು, ಬ್ಯಾಟರಿ, ಮಡಚುವ ಮಂಚ, ಔಷಧಿಯ ಪೆಟ್ಟಿಗೆ, ಹೀಗೆ ಪಟ್ಟಿ ಮೂರು ಪುಟಗಳಷ್ಟು ಉದ್ದವಿತ್ತು. 'ನಮ್ಮ ಹಿರಿಯರು ದೂರದ ಹಾದಿಗೆ ಹೇಗೆ ಸಿದ್ಧರಾಗುತ್ತಿದ್ದರು ಸರ್?' ಎಂದು ಕೇಳಿದ. ಆಗ ನಾನು ಕೊಡಲಾಗದಿದ್ದ ಉತ್ತರವನ್ನು ಇಂದು ತಮ್ಮ ಮುಂದೆ ಇಡಲು ಯತ್ನಿಸುತ್ತೇನೆ.

ನಮ್ಮ ಕರಾವಳಿಯ ಹಾದಿಯನ್ನು ಕುರಿತು ಬಹು ಹಳೆಯ ಸಾಕ್ಷ್ಯವೊಂದನ್ನು ಬಿಟ್ಟುಹೋದವನು ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ. 1340ರ ದಶಕದಲ್ಲಿ ಅವನು ಗೋವೆಯ ಕಡೆಯಿಂದ ಕೊಲ್ಲಂವರೆಗಿನ ತೀರವನ್ನು ನೋಡಿದ. ಬಾರಕೂರನ್ನೂ ಮಂಗಳೂರನ್ನೂ ಹೆಸರಿಸಿದ. ಎರಡು ತಿಂಗಳ ಆ ನಡಿಗೆಯ ದಾರಿಯುದ್ದಕ್ಕೂ ಮರಗಳ ನೆರಳಿತ್ತೆಂದೂ, ಅರ್ಧರ್ಧ ಮೈಲಿಗೆ ಒಂದರಂತೆ ಮರದ ತಂಗುಮನೆಗಳಿದ್ದು ಅವುಗಳಲ್ಲಿ ಕೂರಲು ಜಗಲಿಗಳಿದ್ದುವೆಂದೂ, ಪ್ರತಿಯೊಂದರ ಬಳಿ ಒಂದು ಬಾವಿ, ಬಾವಿಗೊಬ್ಬ ಕಾವಲಿನವನು ಇದ್ದನೆಂದೂ ಅವನು ಬರೆಯುತ್ತಾನೆ. ಸವಾರಿಯ ಪ್ರಾಣಿಗಳನ್ನು ಏರಿ ಹೋಗುವವರು ಇಲ್ಲಿ ವಿರಳ, ವರ್ತಕರ ಸರಕೂ ಆಳುಗಳ ತಲೆಯ ಮೇಲೆಯೇ ಸಾಗುತ್ತದೆ ಎಂದು ಬೆರಗುಪಡುತ್ತಾನೆ. ಜಗಲಿ, ಬಾವಿ, ನೀರು ಕೊಡಲು ಒಬ್ಬ ಮನುಷ್ಯ: ನಮ್ಮ ಐತಿಹ್ಯದ ಅಪ್ಪಣ್ಣನ ಕಟ್ಟೆಯಲ್ಲಿ ಇದ್ದುದೂ ಇವು ಮೂರೇ. ಅಪ್ಪಣ್ಣ ಯಾವ ಕಾಲದವನಾದರೂ ಆಗಿರಲಿ, ಅವನು ಕುಳಿತಿದ್ದ ಪೀಠ ಬಹಳ ಪುರಾತನವಾದುದು.

ಘಟ್ಟದ ಮೇಲೂ ಇದೇ ಧರ್ಮವಿತ್ತು. ಕನ್ನಡ ಶಾಸನಗಳನ್ನು ಓದಿದವರಿಗೆ ಕೆರೆ, ಬಾವಿ, ಸತ್ರ, ಅರವಟ್ಟಿಗೆಗಳಿಗೆ ಬಿಟ್ಟ ದತ್ತಿಗಳು ಮತ್ತೆಮತ್ತೆ ಎದುರಾಗುತ್ತವೆ. ತಲೆಹೊರೆಯವನು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ ಮತ್ತೆ ಏರಿಸಿಕೊಳ್ಳಲೆಂದು ದಾರಿಯ ಬದಿಯಲ್ಲಿ ಎದೆಯೆತ್ತರದ ಕಲ್ಲುಗಳನ್ನು ನಿಲ್ಲಿಸುವುದೂ ಪುಣ್ಯದ ಕೆಲಸವಾಗಿತ್ತು. ಹೀಗೆ ಹಾದಿಯೇ ಅರ್ಧ ಮನೆಯಾಗಿದ್ದುದರಿಂದ ಪ್ರಯಾಣಿಕನ ಗಂಟು ಚಿಕ್ಕದಾಗಿರುತ್ತಿತ್ತು. ಒಂದಿಷ್ಟು ಅವಲಕ್ಕಿ, ಬೆಲ್ಲ, ಒಂದು ಚೆಂಬು, ಒಂದು ಕಂಬಳಿ. ಉಳಿದುದನ್ನು ಹಾದಿ ಕೊಡುತ್ತಿತ್ತು.

ಆದರೆ ಹಳೆಯದನ್ನೆಲ್ಲ ಹೊನ್ನೆಂದು ಹೊಗಳುವುದು ಇತಿಹಾಸವಾಗದು. ಆ ಬಾವಿಗಳ ಬಳಿ ತನ್ನ ಮತದವರಿಗೆ ಪಾತ್ರೆಯಲ್ಲಿ ನೀರು ಕೊಡದೆ ಬೊಗಸೆಗೆ ಸುರಿಯುತ್ತಿದ್ದರೆಂದು ಇಬ್ನ್ ಬತೂತನೇ ಬರೆದಿದ್ದಾನೆ. ಅನ್ಯಮತದ ಅತಿಥಿಗೆ ಬೊಗಸೆಯಾದರೂ ದೊರೆಯಿತು. ನಮ್ಮವರೇ ಆದ ಎಷ್ಟೋ ಮಂದಿಗೆ ಬಾವಿಯ ಬಳಿ ಸುಳಿಯುವುದೇ ನಿಷಿದ್ಧವಾಗಿತ್ತು. ಅವರ ಗಂಟಿನಲ್ಲಿ ಅವಲಕ್ಕಿಗಿಂತ ಭಾರವಾದುದು ಬೇರೆಯೇ ಇತ್ತು.

ಕಂಪೆನಿ ಸರಕಾರದ ಅಧಿಕಾರಿಗಳು ಬಂದಾಗ ಪ್ರಯಾಣದ ಸಿದ್ಧತೆಯ ರೂಪ ಬದಲಾಯಿತು. ಟಿಪ್ಪುವಿನ ಪತನದ ಬಳಿಕ 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಡೇರೆಯಿಂದ ಡೇರೆಗೆ ಸಾಗುತ್ತ ಕಂದಾಯದ ವ್ಯವಸ್ಥೆಯನ್ನು ಮಾಡಿದ. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮೈಸೂರು, ಮಲಬಾರು ಸೀಮೆಗಳನ್ನು ಸುತ್ತಿ 1801ರಲ್ಲಿ ಮಂಗಳೂರಿಗೆ ಬಂದ. ಜಮಾಬಂದಿಗೆ ಹೊರಡುವ ಅಧಿಕಾರಿ ಇಂದು ಮಲಗುವ ಡೇರೆ ಒಂದಾದರೆ, ನಾಳೆಯ ಮೊಕ್ಕಾಮಿಗೆ ಮುಂದಾಗಿ ಕಳುಹಿಸುವ ಡೇರೆ ಇನ್ನೊಂದು. ಮೇಜು, ಕುರ್ಚಿ, ದಫ್ತರ, ಅಡುಗೆಯವನು, ಎಲ್ಲವೂ ಜೊತೆಯಲ್ಲೇ ನಡೆಯುತ್ತಿದ್ದುವು. ಹಾದಿಯನ್ನು ನಂಬದೆ ಮನೆಯನ್ನೇ ಕಟ್ಟಿಕೊಂಡು ಹೊರಡುವ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಕಾಣಿಸಿಕೊಂಡುದು ಹೀಗೆ. ಆ ಮನೆಗೆ ಗಾಲಿಗಳಿರಲಿಲ್ಲ, ಕೂಲಿಯಾಳುಗಳ ಕಾಲುಗಳಿದ್ದುವು.

ಗಾಲಿ ಬಂದುದು ರಸ್ತೆಗಳೊಂದಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟದ ದಾರಿಗಳು ಅಗಲವಾದಂತೆ ಹೇರೆತ್ತುಗಳ ಕೆಲಸವನ್ನು ಗಾಡಿಗಳು ವಹಿಸಿಕೊಂಡುವು. ಸಂಪಾಜೆ, ಚಾರ್ಮಾಡಿ ದಾರಿಗಳಿಂದ ಕೊಡಗು, ಚಿಕ್ಕಮಗಳೂರುಗಳ ಕಾಫಿ ಇಳಿಯಿತು. ಉಪ್ಪು, ಒಣಮೀನು ಹತ್ತಿದುವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಹೆಂಚೂ ಗಾಡಿಯೇರಿತು. ನನ್ನ ಅಜ್ಜ ಪುತ್ತೂರಿನ ಕಡೆಯಿಂದ ಅಡಿಕೆಯನ್ನು ಹೇರಿಕೊಂಡು ಬಂದರಿಗೆ ಬರುತ್ತಿದ್ದವರು. ಮಾಣಿ, ಕಲ್ಲಡ್ಕ, ಪಾಣೆಮಂಗಳೂರು, ಫರಂಗಿಪೇಟೆ, ಕಂಕನಾಡಿ, ಆಮೇಲೆ ಹಂಪನಕಟ್ಟೆ, ಹೀಗೆ ತಂಗುದಾಣಗಳನ್ನು ಅವರು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಅವರ ಸಿದ್ಧತೆಯೂ ಒಂದು ಶಾಸ್ತ್ರವೇ. ಬಿದಿರಿನ ಅಂಡೆಯಲ್ಲಿ ಕೀಲೆಣ್ಣೆ, ಅಚ್ಚಿನ ಕೆಳಗೆ ತೂಗುವ ಕಂದೀಲು, ಎತ್ತುಗಳಿಗೆ ಬೈಹುಲ್ಲು ಮತ್ತು ಹುರುಳಿ, ತಮಗೆ ಕುಚ್ಚಲಕ್ಕಿ ಮತ್ತು ಮಾವಿನ ಮಿಡಿ ಉಪ್ಪಿನಕಾಯಿ, ಲಾಳಗಳ ಪರೀಕ್ಷೆ, ಹೆಚ್ಚಿನದೊಂದು ಹಗ್ಗ.

ಎಲ್ಲಕ್ಕಿಂತ ಮುಖ್ಯವಾದುದು ಹೇರುವ ಕ್ರಮ. ಎರಡು ಗಾಲಿಯ ಗಾಡಿಗೆ ಭಾರ ಹಿಂದಾದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂದಾದರೆ ನೊಗ ಹೆಗಲನ್ನು ಕುಗ್ಗಿಸುತ್ತದೆ. 'ಭಾರ ಅಚ್ಚಿನ ಮೇಲಿರಲಿ, ಎತ್ತಿನ ಹೆಗಲಿಗೆ ಅದರ ಸುದ್ದಿ ಮಾತ್ರ ಮುಟ್ಟಲಿ' ಎನ್ನುತ್ತಿದ್ದರು ಅಜ್ಜ. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿ ನಕ್ಕ. ಟ್ರೈಲರಿನ ಒಟ್ಟು ಭಾರದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲಿರಬೇಕೆಂದು ಅವನಿಗೂ ಕಲಿಸಿದ್ದರಂತೆ. ಅದಕ್ಕಿಂತ ಕಡಮೆಯಾದರೆ ವೇಗದಲ್ಲಿ ಹಿಂದಿನ ಮನೆ ಹಾವಿನ ಬಾಲದಂತೆ ಹೊಯ್ದಾಡಿ ಕಾರನ್ನೇ ಉರುಳಿಸಬಲ್ಲದು. ಎತ್ತಾದರೆ ಗಂಟಲು ಒತ್ತಿದೊಡನೆ ನಿಂತು ತಿಳಿಸುತ್ತಿತ್ತು; ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಸಂಸಾರದಂತೆ ಒಟ್ಟಾಗಿ ಬೀದಿಯಲ್ಲೇ ಬಾಳುವ ಕಲೆಯನ್ನು ನಮ್ಮಲ್ಲಿ ಪೂರ್ಣವಾಗಿ ಅರಿತವರೆಂದರೆ ಯಕ್ಷಗಾನ ಮೇಳದವರು. ದೀಪಾವಳಿಯ ಬಳಿಕ ದೇವರ ಸನ್ನಿಧಿಯಲ್ಲಿ ಗೆಜ್ಜೆ ಕಟ್ಟಿ ಹೊರಟರೆ, ಮೇ ತಿಂಗಳ ಕೊನೆಯ ಸುಮಾರಿಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ಅವರದು ತಿರುಗಾಟವೇ. ಲಾರಿಗಳು ಬರುವ ಮುನ್ನ ಕಿರೀಟ, ಆಭರಣ, ವಸ್ತ್ರಗಳ ಪೆಟ್ಟಿಗೆಗಳನ್ನು ಹೊರೆಯಾಳುಗಳು ಹೊತ್ತು ನಡೆಯುತ್ತಿದ್ದರು. ರಾತ್ರಿಯಿಡೀ ಕುಣಿದ ಕಲಾವಿದರು ಹಗಲಲ್ಲಿ ಮುಂದಿನ ಊರಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಯಾವ ಪೆಟ್ಟಿಗೆಯಲ್ಲಿ ಯಾವುದು, ಚೌಕಿಯಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ಕತ್ತಲಲ್ಲೂ ತಪ್ಪುವಂತಿರಲಿಲ್ಲ. ಹಂಪನಕಟ್ಟೆಗೆ ಸಮೀಪದ ನೆಹರೂ ಮೈದಾನದಲ್ಲಿ ಡೇರೆ ಮೇಳಗಳ ಆಟ ನೋಡಿದವರು ನನ್ನ ಓರಗೆಯವರಲ್ಲಿ ಅನೇಕರಿದ್ದಾರೆ. ಅಷ್ಟೆಲ್ಲ ಹೊತ್ತ ಮೇಳ, ಹರಕೆಯ ಬಯಲಾಟಕ್ಕೆ ಹೊರಟಾಗ ಅಕ್ಕಿಯನ್ನು ಮಾತ್ರ ಹೊರುತ್ತಿರಲಿಲ್ಲ. ದೇವರನ್ನೂ ಕಿರೀಟವನ್ನೂ ತಾವು ತರಬೇಕು. ಊಟವನ್ನೂ ಮಲಗಲು ಜಗಲಿಯನ್ನೂ ಆಟ ಆಡಿಸುವ ಮನೆಯವರು ಕೊಡಬೇಕು. ಇದು ಬರೆಯದ ಒಪ್ಪಂದ.

ಇನ್ನು ನನ್ನ ವಿದ್ಯಾರ್ಥಿಯ ಗಾಲಿಮನೆಯ ಮೂಲವನ್ನು ನೋಡೋಣ. ವಿಹಾರಕ್ಕಾಗಿಯೇ ಅಂತಹದನ್ನು ಮಾಡಿಸಿದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾದವನು ಬ್ರಿಟಿಷ್ ನೌಕಾಪಡೆಯ ನಿವೃತ್ತ ವೈದ್ಯ, ಮಕ್ಕಳ ಕತೆಗಾರ ಗಾರ್ಡನ್ ಸ್ಟೇಬಲ್ಸ್. ಅಲೆಮಾರಿ ಜಿಪ್ಸಿಗಳ ಬಂಡಿಗಳನ್ನು ಕಂಡು ಆಸೆಪಟ್ಟು, ಬ್ರಿಸ್ಟಲಿನ ಕಾರ್ಖಾನೆಯಲ್ಲಿ ಸುಮಾರು 2 ಟನ್ ತೂಕದ ಬಂಡಿಯನ್ನು ಮಾಡಿಸಿ, 'ವಾಂಡರರ್' ಎಂದು ಹೆಸರಿಟ್ಟು, 1885ರಲ್ಲಿ ಎರಡು ಕುದುರೆಗಳನ್ನು ಹೂಡಿ ಇಂಗ್ಲೆಂಡಿನಿಂದ ಸ್ಕಾಟ್‌ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಬಂಡಿಯೊಳಗೆ ಸಕಲ ಸೌಕರ್ಯಗಳಿದ್ದುವು. ಆದರೂ ಅವನ ಸೇವಕ ಮೂರು ಗಾಲಿಯ ಸೈಕಲ್ಲನ್ನೇರಿ ಮುಂದೆ ಮುಂದೆ ಹೋಗುತ್ತಿದ್ದ. ರಾತ್ರಿ ಬಂಡಿ ನಿಲ್ಲಿಸಲು ಯಾರ ಹೊಲ ಸಿಕ್ಕೀತು, ಕುದುರೆಗಳಿಗೆ ಲಾಯ ಎಲ್ಲಿ ಸಿಕ್ಕೀತು ಎಂದು ವಿಚಾರಿಸಬೇಕಾಗಿತ್ತು. ಮನೆಯನ್ನೇ ಕಟ್ಟಿಕೊಂಡು ಹೊರಟವನೂ ಸಂಜೆಯಾದಾಗ ಅನ್ಯರ ಬಾಗಿಲು ತಟ್ಟಿದ. ಇಂದಿನ ಟ್ರೈಲರಿಗೂ ಇದು ತಪ್ಪಿಲ್ಲ. ತೊಟ್ಟಿ ಬರಿದಾದಾಗ ತುಂಬಲು ನೀರು ಬೇಕು, ಕೊಳೆನೀರನ್ನು ಬಿಡಲು ಸ್ಥಳ ಬೇಕು. ನೆರೆಯ ಕೇರಳ ಸರಕಾರವು 2021ರಲ್ಲಿ ಪ್ರವಾಸಿ ಕ್ಯಾರವಾನುಗಳಿಗಾಗಿ ನೀತಿಯೊಂದನ್ನು ಪ್ರಕಟಿಸಿದಾಗ, ವಾಹನಗಳ ಜೊತೆಗೆ ಅವು ತಂಗುವ ಕ್ಯಾರವಾನ್ ಪಾರ್ಕುಗಳ ಮಾತನ್ನೂ ಆಡಬೇಕಾಯಿತು. ಹೆಸರು ಹೊಸದು, ಬೇಕಾದುದು ಹಳೆಯ ಕಟ್ಟೆಯೇ.

ಹಣವುಳ್ಳವರಿಗೆ ಕಟ್ಟೆ ಹೊಸ ಹೆಸರಿನಲ್ಲಿ ಸಿಕ್ಕೀತು. ಉಳಿದವರಿಗೆ? ಬೆಳಗಿನ ಹೊತ್ತು ಮಂಗಳೂರಿನ ಬೀದಿಗಳ ಅಂಚಿನಲ್ಲಿ ಗುದ್ದಲಿ, ಬುತ್ತಿ ಹಿಡಿದು ದಿನಗೂಲಿಗೆ ಕಾದು ನಿಲ್ಲುವ ಬಾಗಲಕೋಟೆ, ಗದಗ, ವಿಜಯಪುರಗಳ ಕಡೆಯ ಜನರನ್ನು ತಾವು ಕಂಡಿರಬಹುದು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹಂಪನಕಟ್ಟೆಯಲ್ಲಿ ನಾನು ಬಸ್ಸಿಗೆ ಕಾದಿದ್ದಾಗ ಅವರಲ್ಲೊಬ್ಬ ಮುದುಕ, 'ಯಪ್ಪಾ, ಇಲ್ಲಿ ಕುಡಿಯಾಕ ನೀರು ಎಲ್ಲಿ ಸಿಗತಾವ್ರೀ?' ಎಂದು ಕೇಳಿದ. ನಾನು ಎದುರಿನ ಅಂಗಡಿಯನ್ನು ತೋರಿಸಿದೆ. ಅವನು ಅಂಗಡಿಯಲ್ಲಿ ಸಾಲಾಗಿ ಜೋಡಿಸಿದ್ದ ಬಾಟಲಿಗಳನ್ನು ನೋಡಿ, ನನ್ನನ್ನೊಮ್ಮೆ ನೋಡಿ, ಮುಂದೆ ನಡೆದ. ನನ್ನ ಕೈಚೀಲದಲ್ಲಿ ಮನೆಯಿಂದ ತಂದ ನೀರಿತ್ತೆಂಬುದು ನೆನಪಾದುದು ಬಸ್ಸು ಹತ್ತಿ ಕುಳಿತ ಮೇಲೆ. ಕಟ್ಟೆಗಳ ಇತಿಹಾಸವನ್ನು ಬಲ್ಲವನಿಗೆ ಕಟ್ಟೆಯ ಧರ್ಮ ಹೊಳೆಯದೆ ಹೋಯಿತು. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ಲಕ್ಷಾಂತರ ಕೂಲಿಗಾರರು ಮಕ್ಕಳನ್ನೂ ಗಂಟುಗಳನ್ನೂ ಹೊತ್ತು ನೂರಾರು ಕಿಲೋಮೀಟರು ನಡೆದುದನ್ನು ಕಂಡಾಗಲೆಲ್ಲ ಆ ಮುದುಕನ ನೋಟ ನನಗೆ ಎದುರಾಗುತ್ತಿತ್ತು. ಅಂದು ದಾರಿಬದಿಯಲ್ಲಿ ಅನ್ನ, ನೀರು ಹಿಡಿದು ನಿಂತವರೂ ಇದ್ದರು ಎಂಬುದೇ ಸಮಾಧಾನ.

2021ರಲ್ಲಿ ಹಂಪನಕಟ್ಟೆಯ ಕೂಡುರಸ್ತೆಯಲ್ಲಿ ಕಾಮಗಾರಿಗಾಗಿ ನೆಲವನ್ನು ಅಗೆದಾಗ ಡಾಮರಿನ ಅಡಿಯಲ್ಲಿ ಹಳೆಯ ಬಾವಿಯೊಂದು ಬಯಲಾಯಿತು. ಊರಿನ ಜನ ಗುಂಪುಗೂಡಿ ಇಣುಕಿ ನೋಡಿದರು. ಅದು ಅಪ್ಪಣ್ಣನ ಬಾವಿಯೇ ಎಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಬಸ್ಸು, ಕಾರುಗಳು ಎಷ್ಟೋ ಕಾಲ ಒಂದು ಬಾವಿಯ ನೆತ್ತಿಯ ಮೇಲೆ ಓಡಾಡಿದುವು, ಅದರ ಮೇಲೆಯೇ ನಿಂತು ನಾವು ಬಾಯಾರಿದೆವು ಎಂಬುದಂತೂ ನಿಜ.

ಅಮೆರಿಕಕ್ಕೆ ಮರಳಿದ ಶಿಷ್ಯನಿಗೆ ಈ ಸಂಗತಿಗಳನ್ನೆಲ್ಲ ಬರೆದು ತಿಳಿಸಿದೆ. ಬುತ್ತಿಯನ್ನು ನಾವೇ ಕಟ್ಟಿಕೊಳ್ಳಬಹುದು, ಬಾವಿಯನ್ನು ಕಟ್ಟಿಕೊಂಡು ಹೋಗಲಾಗದು. ಅದನ್ನು ಮತ್ತೊಬ್ಬರು ನಮಗಾಗಿ ತೋಡಿರಬೇಕು, ನಾವು ಇನ್ನೊಬ್ಬರಿಗಾಗಿ ತೋಡಬೇಕು ಎಂಬುದು ಆ ಪತ್ರದ ಸಾರ. ಅವನ ಉತ್ತರ ಚಿಕ್ಕದಾಗಿತ್ತು: 'ಪಟ್ಟಿಗೆ ಇನ್ನೊಂದನ್ನು ಸೇರಿಸಿದ್ದೇನೆ ಸರ್. ದಾರಿಯಲ್ಲಿ ಸಿಕ್ಕವರಿಗೆ ಕೊಡಲು ಎರಡು ಲೋಟ, ಒಂದು ಡಬ್ಬಿ ಬೆಲ್ಲ.' ನಾನೂ ಈಗ ಹಂಪನಕಟ್ಟೆಗೆ ಹೋಗುವಾಗ ಕೈಚೀಲದಲ್ಲಿ ನೀರಿನ ಬಾಟಲಿಗಳನ್ನು ಎರಡಾಗಿ ಇಟ್ಟುಕೊಳ್ಳುತ್ತೇನೆ.

(ಬಾನುಲಿ ಭಾಷಣದ ಬರಹರೂಪ)