ಕರ್ಕ್ಯುಮಿನ್

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಪಾಲಿಫಿನಾಲ್. ಹೆಸರುವಾಸಿಯಾದ ಉತ್ಕರ್ಷಣ ನಿರೋಧಕ. ಇದನ್ನು 1815ರಲ್ಲಿ ಫೋಗೆಲ್ ಮತ್ತು ಪೆಲ್ಲೆಟಿಯೇ ಬೇರ್ಪಡಿಸಿದರು. ಅಣುರಚನೆ ತಿಳಿದದ್ದು 1910ರಲ್ಲಿ.

ಬೊಜ್ಜಿನ ವಿಚಾರದಲ್ಲಿ ಇದರ ಹೆಸರು ಕೇಳಿಬರುವುದು ತೂಕ ಇಳಿಸುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಉರಿಯೂತದ ಕಾರಣಕ್ಕೆ. ಹೊಟ್ಟೆಯೊಳಗೆ ಕೊಬ್ಬಿನ ಕೋಶಗಳು ಉಬ್ಬಿದಂತೆ ಅವುಗಳ ನಡುವೆ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಜಮಾಯಿಸಿ, ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಆಗ ಸ್ನಾಯು, ಯಕೃತ್ತುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಸಕ್ಕರೆ ಕಾಯಿಲೆ ಬೆನ್ನು ಹತ್ತುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಕರ್ಕ್ಯುಮಿನ್ ಈ ಸರಣಿಗೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನನ್ನು ತಡೆಯುತ್ತದೆ.

ತೊಡಕಿರುವುದು ಕರುಳಿನಲ್ಲಿ.

ನುಂಗಿದ್ದರಲ್ಲಿ ರಕ್ತ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತೆಂದು 1998ರಲ್ಲಿ ಪ್ರಕಟಿಸಿದರು. ಸಾರಿಗೆ ಅರಿಶಿನ, ಮೆಣಸು ಎರಡೂ ಬೀಳುತ್ತವೆ, ನಿಜ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು ಶೇ. 3, ಆ 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಹೆಚ್ಚು ಪುಡಿ ಬೇಕು, ಯಾವ ಸಾರೂ ಅದನ್ನು ತಾಳದು. ಹಾಗೆಂದು ಸಾಂದ್ರ ಗುಳಿಗೆಗಳೇನೂ ನಿರಪಾಯವಲ್ಲ: ಅವನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ.