ಶಾಸನಸಂಪುಟಗಳು ಕಲಿಸಿದ ವಿದ್ಯೆ

ಆಧಾರವನ್ನೂ ಅಭಿಪ್ರಾಯವನ್ನೂ ಬೇರೆಬೇರೆಯಾಗಿರಿಸಿ, ಓದುಗನೇ ಎರಡನ್ನೂ ತೂಗಿ ನೋಡುವಂತೆ ಸಂಶೋಧನಪ್ರಬಂಧವನ್ನು ರಚಿಸುವ ಕ್ರಮವನ್ನು ಕನ್ನಡನಾಡಿನ ವಿದ್ವಾಂಸರಿಗೆ ದೃಢವಾಗಿ ಕಲಿಸಿದ ಕೀರ್ತಿಯು, ನನ್ನ ಎಣಿಕೆಯಲ್ಲಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಪುಟಗಳ ಮಾಲೆಗೆ ಸಲ್ಲತಕ್ಕದ್ದು. ಬಂಡೆಯನ್ನು ತೊಳೆದು, ಒದ್ದೆಗಾಗದವನ್ನು ಹೊದಿಸಿ, ಕುಂಚದಿಂದ ಬಡಿಬಡಿದು ಅಕ್ಷರಗಳ ಕುಳಿಗಳಿಗೆ ಇಳಿಸಿ, ಮಸಿ ಹಚ್ಚಿ ತೆಗೆದ ಪಡಿಯಚ್ಚಿನಿಂದ ಓದಿಕೊಂಡ ಪಾಠವು, ಕನ್ನಡ ಲಿಪಿಯಲ್ಲೊಮ್ಮೆ, ರೋಮನ್ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅನುವಾದದೊಡನೆ ಅಚ್ಚಾಗುತ್ತಿದ್ದಿತು. ಸಂಪಾದಕರ ವಿಚಾರಕ್ಕೆ ಪೀಠಿಕೆಯೇ ಪ್ರತ್ಯೇಕ ಸ್ಥಾನ. ಈ ಮಾಲೆಯ ಸಂಪಾದಕರಾದ ಬಿ. ಎಲ್. ರೈಸರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಅದೇ ಕ್ಷೇತ್ರವನ್ನು ಮರಳಿ ಶೋಧಿಸಿದ ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಮುದ್ರಣದಲ್ಲಿ 500 ಶಾಸನಗಳನ್ನು ಕೊಟ್ಟರು. ಪೂರ್ವಸೂರಿಯ ಕೃತಿಯನ್ನು ಹೀಗೆ ಬೆಳೆಸಲು ಸಾಧ್ಯವಾದುದು ಅದರ ಅಂಗಗಳು ಸ್ಪಷ್ಟವಾಗಿದ್ದುದರಿಂದಲೇ. ಪ್ರಬಂಧ ಬರೆಯಹೊರಟ ತರುಣರು ಈ ಎರಡು ಮುದ್ರಣಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆಂದು ನನ್ನ ಬಿನ್ನಹ.